ಹಳೆಯ ಔಟ್‌ಬೋರ್ಡ್ ಎಂಜಿನ್‌ನ ದುರಸ್ತಿಯೋಗ್ಯತೆ

ಔಟ್‌ಬೋರ್ಡ್ ಎಂಜಿನ್ ಎಂಬುದು ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯಲಾಗುವ, ಎಂಜಿನ್, ಗೇರ್ ಪೆಟ್ಟಿಗೆ ಮತ್ತು ಪ್ರೊಪೆಲ್ಲರ್ ಮೂರೂ ಒಂದೇ ಘಟಕದಲ್ಲಿ ಸೇರಿರುವ ಚಾಲಕ ಯಂತ್ರ. ಇಂತಹ ಯಂತ್ರವು ಹಳೆಯದಾಗಿ ಕೆಟ್ಟಾಗ ಅದನ್ನು ದುರಸ್ತಿ ಮಾಡಿಸಬೇಕೆ, ಬಿಡಿಭಾಗಗಳಿಗಾಗಿ ಮಾರಬೇಕೆ ಅಥವಾ ಹೊಸದನ್ನು ಕೊಳ್ಳಬೇಕೆ ಎಂಬ ನಿರ್ಧಾರವನ್ನು ಅದರ ದುರಸ್ತಿಯೋಗ್ಯತೆಯ ಪರಿಶೀಲನೆ ಎನ್ನಬಹುದು. ಈ ನಿರ್ಧಾರವು ಯಂತ್ರದ ವಯಸ್ಸಿಗಿಂತ ಹೆಚ್ಚಾಗಿ ಸಿಲಿಂಡರುಗಳ ಸ್ಥಿತಿ, ಗೇರ್ ಪೆಟ್ಟಿಗೆಯ ಸ್ಥಿತಿ, ಉಪ್ಪುನೀರಿನಿಂದಾದ ಸವೆತ ಮತ್ತು ಬಿಡಿಭಾಗಗಳ ಲಭ್ಯತೆ ಎಂಬ ನಾಲ್ಕು ಅಂಶಗಳನ್ನು ಅವಲಂಬಿಸಿದೆ. ಇವುಗಳಲ್ಲಿ ಹೆಚ್ಚಿನವನ್ನು ಯಂತ್ರವನ್ನು ಪೂರ್ಣವಾಗಿ ಬಿಚ್ಚದೆಯೇ, ಅಲ್ಪ ವೆಚ್ಚದಲ್ಲಿ ಪರೀಕ್ಷಿಸಲು ಸಾಧ್ಯ. ದುರಸ್ತಿಗೆ ಹಣ ತೊಡಗಿಸುವ ಮೊದಲೇ ಈ ಪರೀಕ್ಷೆಗಳನ್ನು ಮುಗಿಸುವುದು ರೂಢಿಯಲ್ಲಿರುವ ಉತ್ತಮ ಕ್ರಮ.

ಹಿನ್ನೆಲೆ

ಕಳಚಬಹುದಾದ ದೋಣಿ ಎಂಜಿನ್‌ಗಳ ಪ್ರಯೋಗಗಳು 19ನೆಯ ಶತಮಾನದ ಕೊನೆಯಲ್ಲೇ ಅಮೆರಿಕದಲ್ಲಿ ಆರಂಭವಾಗಿದ್ದವು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ತಯಾರಿಸಿದ ಒಂದೂವರೆ ಅಶ್ವಶಕ್ತಿಯ ಯಂತ್ರವು ವಾಣಿಜ್ಯಿಕವಾಗಿ ಯಶಸ್ಸು ಕಂಡಿತು. ಎರಡನೆಯ ಮಹಾಯುದ್ಧದ ನಂತರ ಎವಿನ್‌ರೂಡ್, ಜಾನ್‌ಸನ್ ಮತ್ತು ಮರ್ಕ್ಯುರಿ ಯಂತ್ರಗಳೂ, 1960ರ ದಶಕದಿಂದ ಯಮಾಹಾ, ಸುಜುಕಿ, ಹೋಂಡಾ ಮುಂತಾದ ಜಪಾನಿ ಸಂಸ್ಥೆಗಳ ಯಂತ್ರಗಳೂ ಜಗತ್ತಿನಾದ್ಯಂತ ಹರಡಿದವು.

20ನೆಯ ಶತಮಾನದ ಬಹುಪಾಲು ಔಟ್‌ಬೋರ್ಡ್ ಎಂಜಿನ್‌ಗಳು ಕಾರ್ಬೊರೇಟರ್ ಉಳ್ಳ ಎರಡು ಸ್ಟ್ರೋಕ್ ಎಂಜಿನ್‌ಗಳು. ಇವು ಹಗುರ ಹಾಗೂ ಸರಳವಾಗಿದ್ದು, ಕೈಚಳಕವುಳ್ಳ ಯಾವ ಮೆಕ್ಯಾನಿಕ್ ಆದರೂ ಬಿಚ್ಚಿ ಜೋಡಿಸಬಹುದಾದಂತಹವು. ಆದರೆ ಸಿಲಿಂಡರಿಗೆ ಹೋದ ಇಂಧನದಲ್ಲಿ ಒಂದು ಪಾಲು ಉರಿಯದೆಯೇ ಹೊಗೆಯೊಂದಿಗೆ ಹೊರಬೀಳುವುದು ಈ ರಚನೆಯ ಸಹಜ ದೋಷ. ಹೊಗೆ ಹೊರಸೂಸುವಿಕೆಯ ನಿಯಮಗಳು ಬಿಗಿಯಾದಂತೆ ಅನೇಕ ದೇಶಗಳಲ್ಲಿ ನಾಲ್ಕು ಸ್ಟ್ರೋಕ್ ಎಂಜಿನ್‌ಗಳು ಇವುಗಳ ಸ್ಥಾನವನ್ನು ಪಡೆದವು. ಹೀಗಾಗಿ ಇಂದು ದುರಸ್ತಿಯ ಪ್ರಶ್ನೆ ಎದುರಾಗುವ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಎರಡು ಸ್ಟ್ರೋಕ್ ವರ್ಗಕ್ಕೆ ಸೇರಿರುತ್ತವೆ.

ರಚನೆ

ಔಟ್‌ಬೋರ್ಡ್ ಎಂಜಿನ್‌ನ್ನು ಮೂರು ಭಾಗಗಳಾಗಿ ನೋಡುವುದು ವಾಡಿಕೆ.

ಮೇಲ್ಭಾಗ: ಮುಚ್ಚಳದ ಒಳಗಿರುವ ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಫ್ಲೈವೀಲ್, ಕಾರ್ಬೊರೇಟರ್ ಹಾಗೂ ಕಿಡಿ ಹೊತ್ತಿಸುವ ವ್ಯವಸ್ಥೆ. ಇದು ಯಂತ್ರದ ಅತ್ಯಂತ ದುಬಾರಿ ಭಾಗ.

ಮಧ್ಯಭಾಗ: ದೋಣಿಗೆ ಬಿಗಿಯುವ ಹಿಡಿಕೆ, ತಿರುಗಣೆ, ಎತ್ತಿ ಇಳಿಸುವ ಕೀಲು. ಇದರ ಒಳಗಿನಿಂದಲೇ ಚಾಲಕ ದಂಡ, ಹೊಗೆಯ ಮಾರ್ಗ ಮತ್ತು ತಂಪುನೀರಿನ ಕೊಳವೆ ಹಾದುಹೋಗುತ್ತವೆ.

ಕೆಳಭಾಗ: ನೀರಿನಲ್ಲಿ ಮುಳುಗಿರುವ ಗೇರ್ ಪೆಟ್ಟಿಗೆ, ನೀರೆತ್ತುವ ಪಂಪು ಮತ್ತು ಪ್ರೊಪೆಲ್ಲರ್.

ಮೇಲ್ಭಾಗ ಮತ್ತು ಕೆಳಭಾಗಗಳೆರಡೂ ಸುಸ್ಥಿತಿಯಲ್ಲಿದ್ದರೆ ಉಳಿದ ದೋಷಗಳು ಎಷ್ಟೇ ಇದ್ದರೂ ಸಾಮಾನ್ಯವಾಗಿ ದುರಸ್ತಿಗೆ ಒಳಪಡುತ್ತವೆ. ಎರಡೂ ಕೆಟ್ಟಿದ್ದರೆ ಯಂತ್ರವು ಎಷ್ಟೇ ಹೊಸದಾಗಿ ಕಂಡರೂ ದುರಸ್ತಿ ಲಾಭಕರವಾಗುವುದು ವಿರಳ.

ಪರೀಕ್ಷೆಯ ಕ್ರಮ

ಪರೀಕ್ಷೆಗಳನ್ನು ಮಾಡುವ ಅನುಕ್ರಮಕ್ಕೆ ಮಹತ್ವವಿದೆ. ಕಾರ್ಬೊರೇಟರ್ ಶುಚಿಗೊಳಿಸಿ, ಪ್ಲಗ್ ಬದಲಿಸಿ, ಪಂಪು ಹೊಸದು ಹಾಕಿದ ಮೇಲೆ ಸಿಲಿಂಡರ್ ಸವೆದಿರುವುದು ಗೊತ್ತಾದರೆ ಅದುವರೆಗಿನ ಖರ್ಚೆಲ್ಲ ವ್ಯರ್ಥ. ಆದ್ದರಿಂದ ಯಂತ್ರವನ್ನು ಅನರ್ಹಗೊಳಿಸಬಲ್ಲ ದೋಷಗಳನ್ನು ಮೊದಲು ಹುಡುಕಿ, ಸುಲಭವಾಗಿ ಸರಿಪಡಿಸಬಹುದಾದವನ್ನು ನಂತರಕ್ಕೆ ಬಿಡುವುದು ಸೂಕ್ತ.

ಹೊರನೋಟದ ಪರಿಶೀಲನೆ

ಮೊದಲಿಗೆ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಲಾಗುತ್ತದೆ. ಅದು ಅಡೆತಡೆಯಿಲ್ಲದೆ ಪೂರ್ತಿ ಸುತ್ತು ತಿರುಗಬೇಕು. ತಿರುಗದಿದ್ದರೆ ಪಿಸ್ಟನ್ ರಿಂಗ್‌ಗಳು ತುಕ್ಕಿನಿಂದ ಅಂಟಿಕೊಂಡಿರಬಹುದು. ಪ್ಲಗ್ ರಂಧ್ರಗಳ ಮೂಲಕ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ಕೆಲವು ದಿನ ಬಿಟ್ಟು ಮತ್ತೆ ಪ್ರಯತ್ನಿಸುವುದುಂಟು. ಬಲವಂತವಾಗಿ ತಿರುಗಿಸಿದರೆ ರಿಂಗ್‌ಗಳು ಮುರಿಯುತ್ತವೆ.

ಸಿಲಿಂಡರ್ ಹೆಡ್‌ನ ಬಣ್ಣ ಸುಟ್ಟು ಕಂದಾಗಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಎಂಜಿನ್ ಒಮ್ಮೆಯಾದರೂ ಮಿತಿಮೀರಿ ಕಾದಿದೆ ಎಂದು ಅರ್ಥ. ಹಿಡಿಕೆ, ತಿರುಗಣೆ ಮತ್ತು ಗೇರ್ ಪೆಟ್ಟಿಗೆಯ ಮೇಲೆ ಬಿಳಿಯ ಪುಡಿ ಎದ್ದು ಲೋಹ ಗುಳಿಬಿದ್ದಿದ್ದರೆ ಅದು ಉಪ್ಪುನೀರಿನ ಸವೆತ. ಅಲ್ಯೂಮಿನಿಯಂ ಕವಚದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗಳಿರುವಲ್ಲಿ ಉಪ್ಪುನೀರು ಸೇರಿದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಕರಗಿ, ಬೋಲ್ಟ್‌ಗಳು ಬಿಚ್ಚಲಾಗದಂತೆ ಕಚ್ಚಿಕೊಳ್ಳುತ್ತವೆ. ಇದನ್ನು ತಡೆಯಲೆಂದೇ ಕೆಳಭಾಗದಲ್ಲಿ ಸತುವಿನ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಬಲಿತುಂಡುಗಳನ್ನು ಅಳವಡಿಸಲಾಗಿರುತ್ತದೆ. ಕವಚಕ್ಕೆ ಬದಲಾಗಿ ಅವು ಕರಗುತ್ತವೆ. ಬಲಿತುಂಡು ಅರ್ಧ ಕರಗಿದ್ದರೆ ಅದು ತನ್ನ ಕೆಲಸ ಮಾಡಿದೆ. ಪೂರ್ತಿ ಮಾಯವಾಗಿದ್ದರೆ ಬಹುಕಾಲದಿಂದ ಆರೈಕೆ ಇರಲಿಲ್ಲ ಎಂದು ತಿಳಿಯಬಹುದು.

ಬೋಲ್ಟ್‌ಗಳ ಸ್ಥಿತಿಯು ದುರಸ್ತಿಯ ಕೂಲಿಯನ್ನು ನೇರವಾಗಿ ನಿರ್ಧರಿಸುತ್ತದೆ. ಸಿಹಿನೀರಿನಲ್ಲಿ ಬಳಸಿದ ಯಂತ್ರದಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಪಂಪಿನ ಕೆಲಸವು ಉಪ್ಪುನೀರಿನ ಯಂತ್ರದಲ್ಲಿ ಬೋಲ್ಟ್ ತುಂಡಾಗಿ, ಅದನ್ನು ಕೊರೆದು ತೆಗೆದು, ಹೊಸ ಮರೆ ಕಡಿಸುವವರೆಗೆ ಬೆಳೆಯಬಹುದು.

ಕಂಪ್ರೆಷನ್ ಪರೀಕ್ಷೆ

ಸಿಲಿಂಡರುಗಳ ಆರೋಗ್ಯವನ್ನು ತಿಳಿಯುವ ಮುಖ್ಯ ಸಾಧನ ಕಂಪ್ರೆಷನ್ ಮಾಪಕ. ಎಲ್ಲ ಪ್ಲಗ್‌ಗಳನ್ನು ತೆಗೆದು, ಅವುಗಳ ತಂತಿಗಳನ್ನು ಎಂಜಿನ್‌ನ ಲೋಹಕ್ಕೆ ತಾಗಿಸಿ, ಥ್ರಾಟಲನ್ನು ಪೂರ್ತಿ ತೆರೆದು, ಮಾಪಕದ ಮುಳ್ಳು ಮೇಲೇರುವುದು ನಿಲ್ಲುವವರೆಗೆ ಹಗ್ಗ ಎಳೆಯಲಾಗುತ್ತದೆ. ತಂತಿಗಳನ್ನು ಹಾಗೆಯೇ ಬಿಟ್ಟರೆ ಎಲೆಕ್ಟ್ರಾನಿಕ್ ಕಿಡಿ ಘಟಕ ಕೆಡುವ ಅಪಾಯವಿದೆ.

ಅನೇಕ ಎರಡು ಸ್ಟ್ರೋಕ್ ಪೆಟ್ರೋಲ್ ಔಟ್‌ಬೋರ್ಡ್‌ಗಳಲ್ಲಿ 90ರಿಂದ 130 ಪಿ.ಎಸ್.ಐ. ಒತ್ತಡ ಕಂಡುಬರುತ್ತದೆ. ಆದರೆ ಮಾಪಕದಿಂದ ಮಾಪಕಕ್ಕೆ, ಮಾದರಿಯಿಂದ ಮಾದರಿಗೆ ಅಂಕಿ ಬದಲಾಗುವುದರಿಂದ ಒಂದೇ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಹೆಚ್ಚು ನಂಬಲರ್ಹ. ವ್ಯತ್ಯಾಸವು ಶೇಕಡಾ 10ರೊಳಗಿದ್ದರೆ ಸಮಾಧಾನಕರವೆಂದು ಮೆಕ್ಯಾನಿಕ್‌ಗಳು ಪರಿಗಣಿಸುತ್ತಾರೆ. ಒಂದು ಸಿಲಿಂಡರ್ ಮಾತ್ರ ಬಹಳ ಕಡಿಮೆ ತೋರಿಸಿದರೆ ಹೆಡ್ ಗ್ಯಾಸ್ಕೆಟ್ ಸೋರಿಕೆ, ಅಂಟಿದ ರಿಂಗ್ ಅಥವಾ ಗೀರುಬಿದ್ದ ಸಿಲಿಂಡರ್ ಕಾರಣವಾಗಿರಬಹುದು. ಇವುಗಳ ವೆಚ್ಚದಲ್ಲಿ ಅಜಗಜಾಂತರವಿದೆ. ಗ್ಯಾಸ್ಕೆಟ್ ಅಗ್ಗದ ವಸ್ತು. ಮಸಿಯಿಂದ ಅಂಟಿದ ರಿಂಗ್‌ಗಳನ್ನು ಮಸಿ ಕರಗಿಸುವ ದ್ರಾವಣದಿಂದ ಬಿಡಿಸಲು ಪ್ರಯತ್ನಿಸಬಹುದು. ಗೀರುಬಿದ್ದ ಸಿಲಿಂಡರನ್ನು ಬೋರ್ ಮಾಡಿಸಿ ಹೆಚ್ಚಿನ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ. ಹೆಡ್ ಬಿಚ್ಚಿ ಕಣ್ಣಾರೆ ನೋಡುವವರೆಗೆ ಯಂತ್ರವನ್ನು ಅನರ್ಹವೆಂದು ತೀರ್ಮಾನಿಸುವುದು ಅವಸರವಾಗುತ್ತದೆ.

ಎರಡು ವರ್ಗದ ಯಂತ್ರಗಳಲ್ಲಿ ಕಡಿಮೆ ಅಂಕಿಯು ದೋಷದ ಸೂಚನೆಯಲ್ಲ. ಸೀಮೆಎಣ್ಣೆಯಿಂದ ಓಡುವ ಎಂಜಿನ್‌ಗಳನ್ನು ಪೆಟ್ರೋಲ್ ಎಂಜಿನ್‌ಗಳಿಗಿಂತ ಕಡಿಮೆ ಕಂಪ್ರೆಷನ್ನಿಗೆಂದೇ ವಿನ್ಯಾಸಗೊಳಿಸಲಾಗಿದೆ. ಹಗ್ಗ ಎಳೆಯುವುದು ಹಗುರವಾಗಲೆಂದು ಒತ್ತಡ ಇಳಿಸುವ ಸಾಧನವಿರುವ ಕೆಲವು ನಾಲ್ಕು ಸ್ಟ್ರೋಕ್ ಎಂಜಿನ್‌ಗಳೂ ಕಡಿಮೆ ಅಂಕಿ ತೋರಿಸುತ್ತವೆ. ಇಂತಹವುಗಳಿಗೆ ಆಯಾ ಮಾದರಿಯ ಸರ್ವಿಸ್ ಕೈಪಿಡಿಯೇ ಆಧಾರ.

ಗೇರ್ ಎಣ್ಣೆಯ ಪರೀಕ್ಷೆ

ಯಂತ್ರವನ್ನು ಒಂದು ರಾತ್ರಿ ನೇರವಾಗಿ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಎಣ್ಣೆ ತಿರುಪನ್ನು ಸ್ವಲ್ಪ ಸಡಿಲಿಸಿದರೆ ಮೊದಲು ಏನು ಹೊರಬರುತ್ತದೆ ಎಂಬುದು ಕೆಳಭಾಗದ ಸ್ಥಿತಿಯನ್ನು ಹೇಳುತ್ತದೆ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ಕೂತಿರುತ್ತದೆ. ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಕಂಡರೂ ನೀರು ಸೇರಿದೆ ಎಂದೇ ಅರ್ಥ.

ನೀರು ಸೇರಲು ಸಾಮಾನ್ಯ ಕಾರಣ ಆಯಿಲ್ ಸೀಲ್ ಹರಿದಿರುವುದು. ಮೀನುಗಾರಿಕೆಯ ದೋಣಿಗಳಲ್ಲಿ ಬಲೆಯ ನೂಲು ಅಥವಾ ಗಾಳದ ದಾರವು ಪ್ರೊಪೆಲ್ಲರಿನ ಹಿಂದೆ ದಂಡಕ್ಕೆ ಸುತ್ತಿಕೊಂಡು ಸೀಲನ್ನು ಕತ್ತರಿಸುವುದು ಪದೇಪದೇ ಕಂಡುಬರುತ್ತದೆ. ದೋಷವು ಬೇಗ ಪತ್ತೆಯಾದರೆ ಸೀಲ್ ಬದಲಾವಣೆಯಷ್ಟೇ ಸಾಕು. ನೀರು ತಿಂಗಳುಗಟ್ಟಲೆ ಒಳಗಿದ್ದರೆ ಬೇರಿಂಗ್ ಮತ್ತು ಗೇರ್‌ಗಳು ತುಕ್ಕು ಹಿಡಿದಿರುತ್ತವೆ. ತಿರುಪಿನ ಕಾಂತಕ್ಕೆ ನುಣ್ಣನೆಯ ಲೋಹದ ಪುಡಿ ಅಂಟಿರುವುದು ಸಹಜ. ಚೂರುಗಳು ಅಂಟಿದ್ದರೆ ಗೇರ್‌ನ ಹಲ್ಲು ಮುರಿದಿರುವ ಸಂಭವವಿದೆ. ಮುಂದಿನ ಗೇರ್‌ನಲ್ಲಿ ವೇಗ ಹೆಚ್ಚಿಸಿದಾಗ ತಾನಾಗಿ ಕಳಚಿಕೊಳ್ಳುವುದು ಗೇರ್ ಕಚ್ಚುವ ಅಂಚುಗಳು ಸವೆದಿರುವುದರ ಲಕ್ಷಣ. ಇದಕ್ಕೆ ಕೆಳಭಾಗವನ್ನು ಪೂರ್ತಿ ಬಿಚ್ಚಬೇಕಾಗುತ್ತದೆ.

ತಂಪುಗೊಳಿಸುವ ವ್ಯವಸ್ಥೆ

ಎಂಜಿನ್ ಓಡುವಾಗ ಅದರ ಹಿಂಬದಿಯ ಅಥವಾ ಪಕ್ಕದ ಸಣ್ಣ ರಂಧ್ರದಿಂದ ನೀರಿನ ಎಳೆಯೊಂದು ಚಿಮ್ಮುತ್ತಿರಬೇಕು. ಅದು ಕ್ಷೀಣವಾಗಿದ್ದರೆ ರಂಧ್ರ ಕಟ್ಟಿರಬಹುದು ಅಥವಾ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಸವೆದಿರಬಹುದು. ಇಂಪೆಲ್ಲರ್ ಕಾಲಕಾಲಕ್ಕೆ ಬದಲಿಸಬೇಕಾದ ಅಗ್ಗದ ವಸ್ತು. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಅದರ ರೆಕ್ಕೆಗಳು ಮಡಚಿ ಗಟ್ಟಿಯಾಗಿರುವುದರಿಂದ ಪರೀಕ್ಷಿಸದೆ ಬದಲಿಸುವುದೇ ಲೇಸು. ನೀರಿಲ್ಲದೆ ಎಂಜಿನ್ ಓಡಿಸಿದರೆ ಇಂಪೆಲ್ಲರ್ ಬಹುಬೇಗ ಹಾಳಾಗುತ್ತದೆ. ಆದ್ದರಿಂದ ಪರೀಕ್ಷೆಗೂ ನೀರು ತುಂಬಿದ ಪೀಪಾಯಿ ಬೇಕು. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಎಂಜಿನ್ ಕಾದರೆ ಸಿಲಿಂಡರಿನ ಸುತ್ತಲ ನೀರಿನ ಮಾರ್ಗದಲ್ಲಿ ಉಪ್ಪು ಗಟ್ಟಿಕಟ್ಟಿರುವ ಸಾಧ್ಯತೆ ಇದೆ.

ಕಿಡಿ ಮತ್ತು ಇಂಧನ

ಹೆಚ್ಚಿನ ಮಾಲೀಕರು ಯಂತ್ರ ಕೆಟ್ಟಿತೆಂದು ಕೈಬಿಡುವುದು ಅದು ಹೊತ್ತಿಕೊಳ್ಳದಿರುವ ಕಾರಣಕ್ಕೆ. ಆದರೆ ಹೊತ್ತಿಕೊಳ್ಳದಿರುವುದು ಬಹುಮಟ್ಟಿಗೆ ಅಲ್ಪ ವೆಚ್ಚದ ದೋಷ. ಬಹುಕಾಲ ನಿಂತ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಕಾರ್ಬೊರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿರುತ್ತದೆ. ಇಂಧನ ಪಂಪಿನ ಪೊರೆ ಬಿರಿದಿರುತ್ತದೆ. ಕೊಳವೆಗಳು ಒಳಗಿನಿಂದ ಪುಡಿಯಾಗಿರುತ್ತವೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವಾಂಶವನ್ನು ಹೀರಿಕೊಳ್ಳುವುದರಿಂದಲೂ, ಹಳೆಯ ಕಾಲದ ರಬ್ಬರ್ ಭಾಗಗಳಿಗೆ ಅದು ಒಗ್ಗದಿರುವುದರಿಂದಲೂ ಈ ತೊಂದರೆ ಈಗ ಹೆಚ್ಚಾಗಿದೆ.

ಕಿಡಿಯ ವಿಷಯದಲ್ಲಿ ತಲೆಮಾರಿನ ವ್ಯತ್ಯಾಸವಿದೆ. ತೀರ ಹಳೆಯ ಯಂತ್ರಗಳಲ್ಲಿ ಫ್ಲೈವೀಲ್ ಕೆಳಗೆ ಪಾಯಿಂಟ್ ಮತ್ತು ಕಂಡೆನ್ಸರ್ ಇರುತ್ತವೆ. ಅವುಗಳನ್ನು ಉಜ್ಜಿ ಅಂತರ ಸರಿಪಡಿಸಿದರೆ ಅನೇಕ ವೇಳೆ ಕಿಡಿ ಮರಳಿ ಬರುತ್ತದೆ. ನಂತರದ ಯಂತ್ರಗಳ ಎಲೆಕ್ಟ್ರಾನಿಕ್ ಘಟಕ ಕೆಟ್ಟರೆ ದುರಸ್ತಿ ಸಾಧ್ಯವಿಲ್ಲ, ಬದಲಿಸಬೇಕು. ಸಣ್ಣ ಯಂತ್ರವೊಂದಕ್ಕೆ ಅದರ ಬೆಲೆ ಭಾರವೆನಿಸಬಹುದು. ಆದ್ದರಿಂದ ಘಟಕ ಕೊಳ್ಳುವ ಮೊದಲು ನಿಲುಗಡೆಯ ಗುಂಡಿ ಮತ್ತು ಅದರ ತಂತಿಯನ್ನು ಪರೀಕ್ಷಿಸಬೇಕು. ಆ ತಂತಿ ಎಲ್ಲೋ ಲೋಹಕ್ಕೆ ತಾಗಿರುವುದೇ ಕಿಡಿ ಬಾರದಿರಲು ಕಾರಣವಾಗಿರುವುದುಂಟು.

ನೀರಿನಲ್ಲಿ ಮುಳುಗಿದ ಎಂಜಿನ್

ದೋಣಿ ಮಗುಚಿ ಮುಳುಗಿದ ಎಂಜಿನ್‌ನ ಭವಿಷ್ಯ ಮುಳುಗಿದ ಹೊತ್ತಿಗಿಂತ ಮೇಲೆತ್ತಿದ ನಂತರದ ಕೆಲವು ಗಂಟೆಗಳಲ್ಲಿ ತೀರ್ಮಾನವಾಗುತ್ತದೆ. ಉಪ್ಪುನೀರಿನಲ್ಲಿ ನೆನೆದ ಉಕ್ಕಿನ ಬೇರಿಂಗ್‌ಗಳು ಗಾಳಿ ತಾಗಿದೊಡನೆ ತುಕ್ಕು ಹಿಡಿಯತೊಡಗುತ್ತವೆ. ಮೇಲೆತ್ತಿದ ಕೂಡಲೇ ಸಿಹಿನೀರಿನಿಂದ ತೊಳೆದು, ಪ್ಲಗ್ ತೆಗೆದು ಒಳಗಿನ ನೀರನ್ನು ಹೊರಹಾಕಿ, ಎಣ್ಣೆ ಹಾಕಿ, ಅದೇ ದಿನ ಓಡಿಸಿ ಒಣಗಿಸಿದರೆ ಯಂತ್ರ ಉಳಿಯುತ್ತದೆ. ತಕ್ಷಣ ಇದನ್ನು ಮಾಡಲಾಗದಿದ್ದರೆ ಅದನ್ನು ಗಾಳಿಗೆ ಒಡ್ಡದೆ ಸಿಹಿನೀರಿನಲ್ಲೇ ಮುಳುಗಿಸಿಡುವುದು ಸೂಕ್ತ. ಓಡುತ್ತಿರುವಾಗಲೇ ಮುಳುಗಿದ ಎಂಜಿನ್‌ನಲ್ಲಿ ನೀರಿನ ಒತ್ತಡಕ್ಕೆ ಕನೆಕ್ಟಿಂಗ್ ರಾಡ್ ಬಾಗಿರಬಹುದಾದ್ದರಿಂದ ಕೈಯಿಂದ ಸುಲಭವಾಗಿ ತಿರುಗದಿದ್ದರೆ ಹಗ್ಗ ಎಳೆಯಬಾರದು. ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ, ಉಪ್ಪುನೀರು ಕುಡಿದ ಎಂಜಿನ್‌ಗೆ ಸಾಮಾನ್ಯವಾಗಿ ಮೇಲ್ಭಾಗದ ಪೂರ್ಣ ಪುನರ್ನಿರ್ಮಾಣವೇ ಬೇಕಾಗುತ್ತದೆ.

ಬಿಡಿಭಾಗಗಳ ಲಭ್ಯತೆ

ಪರೀಕ್ಷೆಗಳಲ್ಲಿ ತೇರ್ಗಡೆಯಾದ ಯಂತ್ರವೂ ಬಿಡಿಭಾಗ ಸಿಗದಿದ್ದರೆ ನಿರುಪಯುಕ್ತ. ಹಿಡಿಕೆಯ ಮೇಲಿನ ಫಲಕದಲ್ಲಿರುವ ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ ಇಲ್ಲದೆ ಸರಿಯಾದ ಭಾಗವನ್ನು ತರಿಸುವುದು ಕಷ್ಟ. ಒಂದೇ ಅಶ್ವಶಕ್ತಿಯ ಯಂತ್ರಗಳಲ್ಲೂ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ.

ತಯಾರಕ ಸಂಸ್ಥೆಯ ಸ್ಥಿತಿಯೂ ಮುಖ್ಯ. ಎವಿನ್‌ರೂಡ್ ಮತ್ತು ಜಾನ್‌ಸನ್ ಯಂತ್ರಗಳನ್ನು ತಯಾರಿಸುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ನಂತರ ಆ ಹೆಸರುಗಳನ್ನು ಕೆನಡಾದ ಬೊಂಬಾರ್ಡಿಯರ್ ಸಂಸ್ಥೆ ಕೊಂಡಿತು. ಮುಂದೆ ಅದರಿಂದ ಬೇರ್ಪಟ್ಟ ಬಿ.ಆರ್.ಪಿ. ಸಂಸ್ಥೆಯು 2020ರಲ್ಲಿ ಎವಿನ್‌ರೂಡ್ ಔಟ್‌ಬೋರ್ಡ್‌ಗಳ ಉತ್ಪಾದನೆಯನ್ನು ನಿಲ್ಲಿಸಿತು. ಆದರೂ ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾಗಿದ್ದ ಹಳೆಯ ಮಾದರಿಗಳಿಗೆ ಇತರ ಸಂಸ್ಥೆಗಳು ಇಂಪೆಲ್ಲರ್, ಗ್ಯಾಸ್ಕೆಟ್, ಕಾಯಿಲ್ ಮುಂತಾದವನ್ನು ತಯಾರಿಸುತ್ತಿವೆ. ಇದಕ್ಕೆ ವ್ಯತಿರಿಕ್ತವಾಗಿ, ಕಡಿಮೆ ಮಾರಾಟವಾದ ಮಾದರಿಯು ವಯಸ್ಸಿನಲ್ಲಿ ಕಿರಿದಾದರೂ ಬಿಡಿಭಾಗಗಳ ಕೊರತೆಯಿಂದ ಬಳಲಬಹುದು. ಮಾರುಕಟ್ಟೆಯಲ್ಲಿ ಬಳಕೆಯ ಭಾಗಗಳು ಸಿಕ್ಕರೂ ಗೇರ್, ಕ್ರ್ಯಾಂಕ್‌ಶಾಫ್ಟ್‌ಗಳಂತಹ ದೊಡ್ಡ ಭಾಗಗಳಿಗೆ ಇನ್ನೊಂದು ಹಳೆಯ ಯಂತ್ರವೇ ಆಕರವಾಗುತ್ತದೆ.

ವೆಚ್ಚದ ಲೆಕ್ಕಾಚಾರ

ದುರಸ್ತಿಯ ವೆಚ್ಚವು ಅದೇ ಮಾದರಿಯ ಸುಸ್ಥಿತಿಯ ಹಳೆಯ ಯಂತ್ರದ ಬೆಲೆಯ ಅರ್ಧವನ್ನು ಮೀರಿದರೆ ದುರಸ್ತಿ ಬೇಡ ಎಂಬುದು ಬಳಕೆಯಲ್ಲಿರುವ ಸ್ಥೂಲ ಸೂತ್ರ. ಆದರೆ ಇದು ಇಂಧನದ ಖರ್ಚನ್ನೂ ಬಳಕೆಯ ದಿನಗಳನ್ನೂ ಗಣಿಸುವುದಿಲ್ಲ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಹಳೆಯ ಯಂತ್ರವೊಂದನ್ನು 30,000 ರೂಪಾಯಿಗೆ ದುರಸ್ತಿ ಮಾಡಿಸಿದರೆ ಮೂರು ವರ್ಷ ಬಾಳುತ್ತದೆ ಎಂದೂ, 1,50,000 ರೂಪಾಯಿಯ ಹೊಸ ಯಂತ್ರ ಹತ್ತು ವರ್ಷ ಬಾಳುತ್ತದೆ ಎಂದೂ ಇಟ್ಟುಕೊಳ್ಳೋಣ. ಯಂತ್ರದ ವೆಚ್ಚವಷ್ಟನ್ನೇ ನೋಡಿದರೆ ವರ್ಷಕ್ಕೆ ಹಳೆಯದಕ್ಕೆ 10,000, ಹೊಸದಕ್ಕೆ 15,000 ರೂಪಾಯಿ. ಹಳೆಯದು ದಿನಕ್ಕೆ ಎರಡು ಲೀಟರ್ ಹೆಚ್ಚು ಇಂಧನ ಉರಿಸುತ್ತದೆ, ಲೀಟರಿಗೆ 100 ರೂಪಾಯಿ ಎಂದಾದರೆ:

ವರ್ಷಕ್ಕೆ 10 ದಿನ ಬಳಸುವವರಿಗೆ ಹೆಚ್ಚುವರಿ ಇಂಧನದ ಖರ್ಚು 2,000 ರೂಪಾಯಿ. ಹಳೆಯದರ ಒಟ್ಟು ಹೊರೆ 12,000 ರೂಪಾಯಿ, ದುರಸ್ತಿಯೇ ಲಾಭ.

ವರ್ಷಕ್ಕೆ 120 ದಿನ ಬಳಸುವವರಿಗೆ ಹೆಚ್ಚುವರಿ ಇಂಧನದ ಖರ್ಚು 24,000 ರೂಪಾಯಿ. ಹಳೆಯದರ ಒಟ್ಟು ಹೊರೆ 34,000 ರೂಪಾಯಿ, ಹೊಸದೇ ಲಾಭ.

ಹೀಗೆ ಒಂದೇ ಯಂತ್ರವು ಒಬ್ಬ ಮಾಲೀಕನಿಗೆ ದುರಸ್ತಿಯೋಗ್ಯವೂ ಇನ್ನೊಬ್ಬನಿಗೆ ಅನರ್ಹವೂ ಆಗಬಹುದು. ಆದರೆ ಹೊಸ ಯಂತ್ರಕ್ಕೆ ಒಮ್ಮೆಗೇ ದೊಡ್ಡ ಮೊತ್ತ ಬೇಕಾಗುವುದರಿಂದ, ಲೆಕ್ಕದಲ್ಲಿ ನಷ್ಟವೆಂದು ತಿಳಿದಿದ್ದರೂ ಸಾಲಕ್ಕೆ ಅಂಜಿ ಹಳೆಯದನ್ನೇ ಮತ್ತೆ ಮತ್ತೆ ದುರಸ್ತಿ ಮಾಡಿಸುವುದು ಸಣ್ಣ ಮೀನುಗಾರರಲ್ಲಿ ಸಾಮಾನ್ಯ.

ಕರ್ನಾಟಕದ ಕರಾವಳಿಯಲ್ಲಿ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ನಾಡದೋಣಿ ಮೀನುಗಾರರಿಗೆ ಈ ಪ್ರಶ್ನೆ ಜೀವನೋಪಾಯದ ಪ್ರಶ್ನೆಯಾಗಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಆದ್ದರಿಂದ ಈ ದೋಣಿಗಳ ಮುಖ್ಯ ದುಡಿಮೆಯ ಕಾಲವೂ ಸಮುದ್ರ ಅತ್ಯಂತ ಪ್ರಕ್ಷುಬ್ಧವಾಗಿರುವ ಕಾಲವೂ ಒಂದೇ ಆಗಿವೆ.

ಇಲ್ಲಿ ಬಳಕೆಯಲ್ಲಿರುವ ಹಳೆಯ ಔಟ್‌ಬೋರ್ಡ್‌ಗಳಲ್ಲಿ ಸೀಮೆಎಣ್ಣೆ ಎಂಜಿನ್‌ಗಳೇ ಪ್ರಧಾನ. ಇವನ್ನು ಪೆಟ್ರೋಲಿನಿಂದ ಹೊತ್ತಿಸಿ, ಕಾದ ಬಳಿಕ ಸೀಮೆಎಣ್ಣೆಗೆ ಬದಲಿಸಲಾಗುತ್ತದೆ; ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬೊರೇಟರನ್ನು ತೆರವುಗೊಳಿಸಬೇಕು. ಈ ಕ್ರಮ ತಪ್ಪಿದರೆ ಮರುದಿನ ಎಂಜಿನ್ ಹೊತ್ತಿಕೊಳ್ಳುವುದು ಕಷ್ಟವಾಗುತ್ತದೆ. ಸೀಮೆಎಣ್ಣೆಯ ಮಸಿಯಿಂದ ಪ್ಲಗ್ ಕಟ್ಟುವುದು, ರಿಂಗ್ ಅಂಟುವುದು ಇಲ್ಲಿ ಹೆಚ್ಚು. ಹಾಗಾಗಿ ಈ ವರ್ಗದ ಎಂಜಿನ್ ಶಕ್ತಿಗುಂದಿದಾಗ ಸಿಲಿಂಡರ್ ಸವೆದಿದೆ ಎಂದು ಭಾವಿಸುವ ಮೊದಲು ಮಸಿ ತೆಗೆಸಿ ನೋಡುವುದು ಉಚಿತ.

ಸಬ್ಸಿಡಿ ಸೀಮೆಎಣ್ಣೆಯ ಪೂರೈಕೆ ಅನಿಶ್ಚಿತವಾಗಿರುವುದು ದುರಸ್ತಿಯ ಲೆಕ್ಕವನ್ನು ಬದಲಿಸಿದೆ. ಯಂತ್ರ ಸುಸ್ಥಿತಿಯಲ್ಲಿದ್ದರೂ ಇಂಧನ ಸಿಗದಿದ್ದರೆ ಅದು ದಡದಲ್ಲೇ ಉಳಿಯುತ್ತದೆ. ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಿಗೆ ಬದಲಿಸಿಕೊಳ್ಳಲು ಸಹಾಯಧನ ನೀಡುವುದಾಗಿ ರಾಜ್ಯ ಸರ್ಕಾರವು 2023–24ರ ಆಯವ್ಯಯದಲ್ಲಿ ಘೋಷಿಸಿತು. ಇಂತಹ ಸಹಾಯಧನ ದೊರೆಯುವಾಗ ಹಳೆಯ ಸೀಮೆಎಣ್ಣೆ ಎಂಜಿನ್‌ಗೆ ದೊಡ್ಡ ಮೊತ್ತದ ದುರಸ್ತಿ ಮಾಡಿಸುವುದರ ಔಚಿತ್ಯ ಕಡಿಮೆಯಾಗುತ್ತದೆ.

ಪ್ರವಾಹ ರಕ್ಷಣೆಗೆ ಬಳಸುವ ರಬ್ಬರ್ ದೋಣಿಗಳ ಔಟ್‌ಬೋರ್ಡ್‌ಗಳದ್ದು ಇದಕ್ಕೆ ವಿರುದ್ಧವಾದ ಸ್ಥಿತಿ. ಅವು ದುಡಿದು ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಕಂಪ್ರೆಷನ್ ಉತ್ತಮವಿದ್ದು, ಕಾರ್ಬೊರೇಟರ್ ಮತ್ತು ಇಂಪೆಲ್ಲರ್ ಮಾತ್ರ ಕೆಟ್ಟಿರುವ ಇಂತಹ ಯಂತ್ರಗಳು ಸಾಮಾನ್ಯವಾಗಿ ದುರಸ್ತಿಗೆ ಅರ್ಹ.

ಸುರಕ್ಷತೆ

ದುರಸ್ತಿಯಾದ ಯಂತ್ರ ಓಡುವುದು ಬೇರೆ, ಅದನ್ನು ನಂಬಿ ಸಮುದ್ರಕ್ಕೆ ಇಳಿಯುವುದು ಬೇರೆ. ಅಳಿವೆ ಬಾಗಿಲಿನಲ್ಲಿ ಅಲೆಗಳು ಮುರಿಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡವಾಗಿ ತಿರುಗಿ ಮಗುಚುತ್ತದೆ. ಅಲ್ಲಿ ಮತ್ತೆ ಹಗ್ಗ ಎಳೆಯಲು ಅವಕಾಶ ಸಿಗುವುದು ಕೆಲವೇ ಕ್ಷಣ. ಆದ್ದರಿಂದ ಬಿಸಿಯಾದ ಎಂಜಿನ್ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆಯೇ, ನಿಧಾನಗತಿಯಲ್ಲಿ ಬಹುಹೊತ್ತು ನಿಲ್ಲದೆ ಓಡುತ್ತದೆಯೇ, ಪೂರ್ಣ ಹೊರೆಯಲ್ಲಿ ಕಾಯದೆ ಇರುತ್ತದೆಯೇ ಎಂಬುದನ್ನು ಹಿನ್ನೀರಿನಲ್ಲಿ ಅಥವಾ ಹೊಳೆಯಲ್ಲಿ ಪರೀಕ್ಷಿಸಿದ ಬಳಿಕವೇ ಸಮುದ್ರಕ್ಕೆ ಒಯ್ಯಬೇಕು. ಈ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಸೋತ ಯಂತ್ರವನ್ನು ಕೆರೆ, ಹಿನ್ನೀರುಗಳಂತಹ ಶಾಂತ ಜಲದ ಬಳಕೆಗೆ ಸೀಮಿತಗೊಳಿಸುವುದು ವಿವೇಕ. ಹಳೆಯ ಯಂತ್ರದೊಂದಿಗೆ ಹುಟ್ಟು, ಬಿಡಿ ಪ್ಲಗ್‌ಗಳು ಹಾಗೂ ಜೀವರಕ್ಷಕ ಅಂಗಿಗಳನ್ನು ಒಯ್ಯುವುದು ಅಗತ್ಯ.

ಅನರ್ಹ ಯಂತ್ರದ ಉಪಯೋಗ

ದುರಸ್ತಿಗೆ ಅನರ್ಹವೆಂದು ತೀರ್ಮಾನವಾದ ಯಂತ್ರವನ್ನು ಇಡಿಯಾಗಿ ಗುಜರಿಗೆ ಹಾಕುವುದಕ್ಕಿಂತ ಬಿಡಿಬಿಡಿಯಾಗಿ ಮಾರುವುದರಿಂದ ಹೆಚ್ಚು ಹಣ ದೊರೆಯಬಹುದು. ಸಿಲಿಂಡರ್ ಹೋದ ಯಂತ್ರದ ಗೇರ್ ಪೆಟ್ಟಿಗೆ, ಪ್ರೊಪೆಲ್ಲರ್, ಕಾರ್ಬೊರೇಟರ್, ಕಾಯಿಲ್ ಮತ್ತು ಮುಚ್ಚಳಗಳಿಗೆ ಅದೇ ಮಾದರಿಯ ಬೇರೆ ಮಾಲೀಕರಲ್ಲಿ ಬೇಡಿಕೆ ಇರುತ್ತದೆ. ಒಂದೇ ಮಾದರಿಯ ಎರಡು ಕೆಟ್ಟ ಯಂತ್ರಗಳಿಂದ ಸುಸ್ಥಿತಿಯ ಒಂದನ್ನು ಕಟ್ಟುವ ಪದ್ಧತಿಯೂ ಇದೆ. ಬಿಚ್ಚುವ ಮೊದಲು ಗೇರ್ ಎಣ್ಣೆ ಮತ್ತು ಉಳಿದ ಇಂಧನವನ್ನು ಪಾತ್ರೆಯಲ್ಲಿ ಸಂಗ್ರಹಿಸಬೇಕು. ಅವನ್ನು ಹೊಳೆಗೆ ಅಥವಾ ಮರಳಿಗೆ ಸುರಿದರೆ ಜಲಚರಗಳಿಗೆ ಹಾನಿಯಾಗುತ್ತದೆ.

ಇವನ್ನೂ ನೋಡಿ

ಅಂತರ್ದಹನ ಎಂಜಿನ್
ಎರಡು ಸ್ಟ್ರೋಕ್ ಎಂಜಿನ್
ನಾಡದೋಣಿ
ಕರ್ನಾಟಕದ ಮೀನುಗಾರಿಕೆ